ಮುಳುಗಡೆ ಕಾಲೋನಿಯ ಮೂರನೆಯ ಮಡಿಲು

ಸಂಕ್ರಾಂತಿ ಕಳೆದ ವಾರ ಪುಟ್ಟೇಗೌಡರು ಫೋನ್ ಮಾಡಿದ್ದರು. "ಒಂದ್ಸಲ ಬಂದೋಗಿ ಟೀಚ್ರಮ್ಮ, ನಿಮ್ಮಿಂದ ಊರಿಗೊಂದು ಕೆಲ್ಸ ಆಗ್ಬೇಕು" ಎಂದರು. ಏನು ಕೆಲಸ ಎಂದು ಕೇಳಿದರೆ ಹೇಳಲಿಲ್ಲ. ನಾನು ಅವರ ಊರಿನ ಅಂಗನವಾಡಿ ಬಿಟ್ಟು ಮೂರು ವರ್ಷವಾಗಿತ್ತು. ಹೋಗಬಾರದೆಂದೇ ಇದ್ದೆ. ಆದರೂ ಶನಿವಾರ ಮಧ್ಯಾಹ್ನ ಹೊಳೆನರಸೀಪುರದಿಂದ ಅರಕಲಗೂಡಿಗೆ ಬಂದು ಮಲ್ಲಿಪಟ್ಟಣದ ಬಸ್ಸು ಹತ್ತಿದೆ.

ಅರಕಲಗೂಡು ದಾಟಿ ಸ್ವಲ್ಪ ದೂರಕ್ಕೆ ಬಸ್ಸು ನಿಂತಿತು. ರಸ್ತೆ ಬದಿಯಲ್ಲಿ ಶುಂಠಿ ತೊಳೆಯುತ್ತಿದ್ದರು. ಪೈಪಿನ ನೀರು ರಭಸದಿಂದ ರಾಶಿಯ ಮೇಲೆ ಬಿದ್ದು ಕೆಂಪು ರಾಡಿ ಚರಂಡಿಗೆ ಹರಿಯುತ್ತಿತ್ತು. ಹಸಿ ಶುಂಠಿಯ ಘಾಟು, ಅದರ ಜೊತೆ ಒದ್ದೆ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು, "ವಾಂತಿ ಬಂದಂಗಾಯ್ತದಾ ಅಕ್ಕ? ಕವರ್ ಕೊಡ್ಲಾ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಮನೆಯಲ್ಲಿ ಟೀಗೂ ಶುಂಠಿ ಹಾಕುವುದನ್ನು ಬಿಟ್ಟವಳು ನಾನು. ಇವಳಿಗೆ ಅದನ್ನೆಲ್ಲ ಹೇಗೆ ಹೇಳಲಿ?

ಆ ಊರಿಗೆ ಸುತ್ತಲಿನವರು ಇಟ್ಟ ಹೆಸರು ಮುಳುಗಡೆ ಕಾಲೋನಿ. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ನೀರಿನಡಿಗೆ ಹೋದ ಹಳ್ಳಿಯೊಂದರಿಂದ ಬಂದ ನಲವತ್ತು ಚಿಲ್ಲರೆ ಮನೆಯವರು ಅವರು. ಅವರಿಗೂ ಈಗ ಮೊಮ್ಮಕ್ಕಳಿದ್ದಾರೆ, ಟ್ರ್ಯಾಕ್ಟರುಗಳಿವೆ, ತಾರಸಿ ಮನೆಗಳಿವೆ. ಹೆಸರು ಮಾತ್ರ ಅಳಿಸಿಲ್ಲ. ಪುಟ್ಟೇಗೌಡರು ಒಳ್ಳೆಯ ಮನಸ್ಸಿನಲ್ಲಿದ್ದಾಗ ಆ ಕಾಲದ್ದನ್ನೆಲ್ಲ ಹೇಳುತ್ತಿದ್ದರು. ಲಾರಿಯಲ್ಲಿ ತಂದು ಇಳಿಸಿದ್ದು, ತಗಡಿನ ಶೆಡ್ಡಿನಲ್ಲಿ ಎರಡು ಮಳೆಗಾಲ ಕಳೆದದ್ದು, ಸರ್ಕಾರದ ಗಂಜಿಗೆ ತಟ್ಟೆ ಹಿಡಿದು ಸಾಲಲ್ಲಿ ನಿಂತದ್ದು. "ಇಲ್ಲಿಯೋರು ನಮ್ಮನ್ನ ಬಾವಿ ತಾವ್ಕೂ ಸೇರಿಸ್ತಿರ್ನಿಲ್ಲ ಕಣಮ್ಮ. ಗೋಮಾಳ ತಿನ್ನಕ್ ಬಂದೋರು ಅನ್ನೋರು" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನನ್ನ ಅಂಗನವಾಡಿ ಆ ಕಾಲೋನಿಯ ತುದಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಹೊಂಗೆ ಮರ. ಗಂಡ ತೀರಿಹೋದ ಮೇಲೆ, ವಿಧವೆಯರಿಗೆ ಮೊದಲ ಆದ್ಯತೆ ಎಂಬ ನಿಯಮದಿಂದ ನನಗೆ ಸಿಕ್ಕಿದ ಕೆಲಸ ಅದು. ಅಂದರೆ ನಾನೂ ಸರ್ಕಾರದ ಅನ್ನ ತಿಂದವಳೇ. ಅಡುಗೆಗೆ ಸಹಾಯಕಿ ಸಾಕಮ್ಮ ಇದ್ದಳು. ಕೈ ಬಿರುಸು, ಬಾಯಿ ಅದಕ್ಕಿಂತ ಬಿರುಸು.

ಪುಸ್ತಕದಲ್ಲಿ ಹದಿನೆಂಟು ಮಕ್ಕಳಿದ್ದರೂ ಬರುತ್ತಿದ್ದವರು ಏಳೋ ಎಂಟೋ. ಉಳಿದವರೆಲ್ಲ ಬೆಳಿಗ್ಗೆ ಟೈ ಕಟ್ಟಿಕೊಂಡು ಅರಕಲಗೂಡಿನ ಕಾನ್ವೆಂಟಿನ ವ್ಯಾನು ಹತ್ತುತ್ತಿದ್ದರು. ಹೆಸರು ನಮ್ಮಲ್ಲಿ, ಮಗು ಕಾನ್ವೆಂಟಿನಲ್ಲಿ, ಮೊಟ್ಟೆ ಮಾತ್ರ ಸಂಜೆ ಮನೆಗೆ. ಪುಟ್ಟೇಗೌಡರ ಇಬ್ಬರು ಮೊಮ್ಮಕ್ಕಳದ್ದೂ ಹಾಗೇ. ಅವರ ಸೊಸೆ ಡಬ್ಬಿ ಕಳಿಸುತ್ತಿದ್ದಳು, ಸಾಕಮ್ಮ ತುಂಬಿಸಿ ಕಳಿಸುತ್ತಿದ್ದಳು. ತಪ್ಪು ಎಂದು ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ಸರ್ಕಾರದ್ದು ತಾನೇ ಎನ್ನುವುದು ಊರಿನ ಮಾತಾಗಿತ್ತು. ಕೊಡುವುದು ಸರ್ಕಾರ, ತೆಗೆದುಕೊಳ್ಳುವುದು ನಾವು, ಮಧ್ಯೆ ಯಾರಿಗೂ ಉರಿ ಇರಲಿಲ್ಲ. ಮೇಲ್ವಿಚಾರಕಿ ಮಾತ್ರ ಬಂದಾಗಲೆಲ್ಲ ಖಾಲಿ ಚಾಪೆ ನೋಡಿ, "ಹಿಂಗಾದ್ರೆ ಪಕ್ಕದ ಊರಿನ ಕೇಂದ್ರಕ್ಕೆ ಸೇರಿಸಿಬಿಡ್ತಾರೆ ನೋಡಿ" ಎಂದು ಎಚ್ಚರಿಸುತ್ತಿದ್ದರು.

ಆ ವರ್ಷ ಪುಟ್ಟೇಗೌಡರು ತಮ್ಮ ನಾಲ್ಕು ಎಕರೆಯನ್ನು ಶುಂಠಿ ಬೆಳೆಯುವ ಗುತ್ತಿಗೆದಾರನಿಗೆ ಬಿಟ್ಟರು. ಮುಂಗಾರಿಗೆ ಮೊದಲೇ ಅಸ್ಸಾಮಿನಿಂದ ಇಪ್ಪತ್ತು ಜನ ಬಂದಿಳಿದು, ಹೊಲದ ಬದುವಿನಲ್ಲಿ ನೀಲಿ ಟಾರ್ಪಾಲಿನ ಶೆಡ್ಡು ಹಾಕಿಕೊಂಡರು. ಊರಿನವರು ಅವರನ್ನು ಹಿಂದಿಯವರು ಎಂದರು. ಜಗಳವಾದ ದಿನ ಬಾಂಗ್ಲಾದವರು ಎಂದರು. ಚಹಾ ತೋಟದ ಕೂಲಿಗಳ ಮಕ್ಕಳು ಅವರು, ಮನೆಯಲ್ಲಿ ಆಡುತ್ತಿದ್ದುದು ಹಿಂದಿಯೂ ಅಲ್ಲ, ಬಂಗಾಳಿಯೂ ಅಲ್ಲ. ಅದನ್ನು ವಿಚಾರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.

ದೊಡ್ಡವರು ಹೊಲಕ್ಕಿಳಿದರೆ ಮಕ್ಕಳು ನಮ್ಮ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದವು. ಮೂರನೆಯ ದಿನ ನಾನೇ ಗೇಟು ತೆಗೆದೆ. ಕರುಣೆ ಇರಲಿಲ್ಲ ಎನ್ನುವುದಿಲ್ಲ, ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಚಾಪೆ ತುಂಬಬೇಕಿತ್ತು. ಎಲ್ಲಿಂದ ಬಂದ ಮಗುವಾದರೂ ಸೇರಿಸಿಕೊಳ್ಳಬಹುದು ಎಂದು ನಿಯಮವೂ ಇತ್ತು. ಏಳು ಮಕ್ಕಳ ಹೆಸರು ಬರೆದುಕೊಂಡೆ. ಎಂಟನೆಯ ಹೆಸರು ಫೂಲಮಣಿಯದು. ಅವಳು ಆ ಏಳರಲ್ಲಿ ಒಬ್ಬಳಾದ ಮುನ್ನಿಯ ತಾಯಿ, ಐದು ತಿಂಗಳ ಬಸುರಿ. ಗರ್ಭಿಣಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೇಂದ್ರದಲ್ಲೇ ಕೊಡುತ್ತಿದ್ದೆವು. ಊರಿನ ಬಸುರಿಯರಿಬ್ಬರೂ ಬಂದು ಕೂತು ತಿನ್ನಲು ನಾಚಿ ಡಬ್ಬಿ ಕಳಿಸುತ್ತಿದ್ದರು. ಕೂತು ತಿಂದವಳು ಫೂಲಮಣಿ ಒಬ್ಬಳೇ.

ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ತೆಳ್ಳಗೆ, ಮುಂಗೈ ನನ್ನ ಎರಡು ಬೆರಳಿಗೆ ಸಿಗುವಷ್ಟು. ಬಂದ ವಾರದಲ್ಲೇ ಮೂರು ಕನ್ನಡ ಮಾತು ಕಲಿತಳು. ಅಕ್ಕ, ಊಟ, ಸಾಕು. ಎರಡು ಸೌಟು ಅನ್ನ ಬಿದ್ದರೆ ಕೈ ಅಡ್ಡ ಹಿಡಿದು, "ಸಾಕು, ಸಾಕು" ಎನ್ನುತ್ತಿದ್ದಳು. ಮೊಟ್ಟೆಯಲ್ಲಿ ಅರ್ಧ ಮುರಿದು ಮುನ್ನಿಯ ತಟ್ಟೆಗೆ ಹಾಕುವಳು. ನಾನು ಗದರಿಸಿದರೆ ನಗುವಳು. ಉಂಡ ಮೇಲೆ ಯಾರೂ ಹೇಳದಿದ್ದರೂ ಎಲ್ಲ ಮಕ್ಕಳ ತಟ್ಟೆ ತೊಳೆದಿಟ್ಟೇ ಹೊಲಕ್ಕೆ ಹೋಗುತ್ತಿದ್ದಳು. ಸಾಕಮ್ಮನಿಗೆ ಇದು ಬಹಳ ಹಿಡಿಸಿತ್ತು. ಆಶಾ ಕಾರ್ಯಕರ್ತೆ ಲಲಿತಾ ಬಂದು ರಕ್ತ ಪರೀಕ್ಷೆ ಮಾಡಿಸಿ, "ಅಕ್ಕ, ಈ ಹುಡುಗಿಗೆ ರಕ್ತ ತುಂಬಾ ಕಮ್ಮಿ ಐತೆ. ಮಾತ್ರೆ ಬಿಡಬಾರ್ದು, ಹೆರಿಗೆ ಹಾಸನದಲ್ಲೇ ಆಗ್ಬೇಕು" ಎಂದು ನನಗೆ ಒತ್ತಿ ಹೇಳಿದಳು. ಆ ಮಾತು ನನ್ನ ಕಿವಿಯ ಮೇಲೆ ಬಿದ್ದಿತ್ತು. ಮುಂದಿನದನ್ನು ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆಷಾಢದಲ್ಲಿ ಮಳೆ ಹಿಡಿಯಿತು. ಎರಡು ವಾರ ಮೊಟ್ಟೆ ಸರಿಯಾಗಿ ಬರಲಿಲ್ಲ. ಬಂದಷ್ಟನ್ನು ಕೂತು ತಿನ್ನುವ ಮಕ್ಕಳಿಗೆ ಕೊಟ್ಟೆ, ಡಬ್ಬಿಗಳು ಖಾಲಿ ವಾಪಸಾದವು. ಮೂರನೆಯ ದಿನ ಪುಟ್ಟೇಗೌಡರು ಕೊಡೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಒಳಗೆ ಚಾಪೆಯ ತುಂಬ ಮಕ್ಕಳು ಉಣ್ಣುತ್ತಿದ್ದವು.

"ಇದೇನ್ ಟೀಚ್ರಮ್ಮ, ನಮ್ಮೂರ್ ಅಂಗನವಾಡಿನೋ, ಅಸ್ಸಾಮಿಂದೋ?"

"ಮಕ್ಕಳಲ್ವಾ ಗೌಡ್ರೇ..."

"ಶುಂಠಿ ಕೆಲ್ಸಕ್ ಬಂದೋರು ಶುಂಠಿ ಕೆಲ್ಸ ಮಾಡ್ಕಂಡ್ ಓಗ್ಲಿ. ನಮ್ ಮಕ್ಳ ಬಾಯಿಂದ್ ಕಿತ್ತು ಅವ್ರಿಗ್ ಕೊಡೋಕೆ ನೀವ್ಯಾರು?"

ನಿಮ್ಮ ಮೊಮ್ಮಕ್ಕಳು ಕಾನ್ವೆಂಟಿನಲ್ಲಿದ್ದಾರಲ್ಲ ಎನ್ನಬಹುದಿತ್ತು. ಅವರನ್ನು ಕರೆಸಿಕೊಂಡದ್ದು ನಿಮ್ಮ ಹೊಲಕ್ಕೇ ಅಲ್ಲವೇ ಎನ್ನಬಹುದಿತ್ತು. ಗಂಜಿಯ ಸಾಲನ್ನು ನೆನಪಿಸಬಹುದಿತ್ತು.

ಆಮೇಲೆ ಊರಿನ ಮಾತೇ ಬದಲಾಯಿತು. ಸರ್ಕಾರದ್ದು ತಾನೇ ಎನ್ನುತ್ತಿದ್ದವರೆಲ್ಲ ನಮ್ಮದು, ನಮ್ಮದು ಎನ್ನತೊಡಗಿದರು. ಬಿಸಿಯೂಟದ ಉಪ್ಪು ಖಾರವನ್ನೂ ಯಾವತ್ತೂ ಕೇಳದವರು ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಹಾಲಿನ ಡೈರಿಯ ಹತ್ತಿರ ಒಬ್ಬರು, "ಕಂಡೋರ್ಗೆಲ್ಲ ಕೊಡಂಗಿದ್ರೆ ಈ ಸ್ಕೀಮೇ ಬ್ಯಾಡ. ಮುಚ್ಚಾಕ್ಲಿ, ಯಾರ್ಗೂ ಬ್ಯಾಡ" ಎಂದರಂತೆ. ಬಂದು ನನಗೆ ಹೇಳಿದವಳು ಸಾಕಮ್ಮ. ನೀನೇನಂದೆ ಎಂದು ಕೇಳಿದೆ. ಅವಳು ಸೌಟು ತೊಳೆಯುತ್ತಾ, "ನಂಗೇನ್ ಒಟ್ಟೆಕಿಚ್ಚಿಲ್ಲ ಕಣಕ್ಕ. ಆದ್ರೂ ನನ್ ಮಗ್ಳು ಬಾಣಂತಿಯಾಗಿದ್ದಾಗ ಯಾರ್ ಮೊಟ್ಟೆ ಕೊಟ್ರು ಹೇಳು? ಆವಾಗ ಸ್ಕೀಮೇ ಇರ್ನಿಲ್ಲ. ಇವ್ರು ಮೊನ್ನೆ ಬಂದ್ರು, ಇವ್ರಿಗೈತೆ" ಎಂದಳು. ಅವಳ ನೋವು ಸುಳ್ಳಲ್ಲ.

ಶ್ರಾವಣದಲ್ಲಿ ಕೇಂದ್ರದಲ್ಲಿ ಸೀಮಂತ ಇಟ್ಟುಕೊಂಡೆವು. ಊರಿನ ಬಸುರಿಯರನ್ನೆಲ್ಲ ಒಟ್ಟಿಗೆ ಕೂರಿಸಿ ಮಡಿಲು ತುಂಬುವುದು ಅಂಗನವಾಡಿಗಳಲ್ಲಿ ವಾಡಿಕೆ. ಮೂರು ಮರದ ಮಣೆ ಹಾಕಿ, ಮೂರು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ, ಹಸಿರು ಬಳೆ ಜೋಡಿಸಿದೆ. ಎರಡು ಮಣೆಯ ಮೇಲೆ ಊರಿನ ಹೆಣ್ಣುಮಕ್ಕಳು, ಮೂರನೆಯದರಲ್ಲಿ ಫೂಲಮಣಿ. ತಲೆಗೆ ಎಣ್ಣೆ ಹಚ್ಚಿ, ಹೊಲದ ಬದುವಿನ ಯಾವುದೋ ಹಳದಿ ಹೂ ಮುಡಿದು ಬಂದಿದ್ದಳು. ಐದು ಜನ ಮುತ್ತೈದೆಯರು, ಮುಂದೆ ಪುಟ್ಟೇಗೌಡರ ಹೆಂಡತಿ ಜಯಮ್ಮ. ಮೊದಲನೆಯವಳಿಗೆ ಅರಿಶಿನ ಕುಂಕುಮ ಇಟ್ಟು ಮಡಿಲು ತುಂಬಿದರು, ಎರಡನೆಯವಳಿಗೂ ತುಂಬಿದರು. ಆಮೇಲೆ ಜಯಮ್ಮ ಕುಂಕುಮದ ಬಟ್ಟಲನ್ನು ಕೆಳಗಿಟ್ಟು, "ಆಯ್ತಲ್ಲ, ಆರತಿ ಎತ್ತನ ಬನ್ನಿ" ಎಂದರು.

ಫೂಲಮಣಿ ಪಕ್ಕದವರನ್ನು ನೋಡಿ ತಾನೂ ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಿದ್ದಳು. ತನ್ನ ಸರದಿ ಇನ್ನೂ ಬರಬೇಕು ಎಂದು ತಿಳಿದಿದ್ದಳು. ಆರತಿ ಎರಡು ಮುಖಕ್ಕೆ ಸುತ್ತಿ ಮುಗಿಯಿತು, ಹಾಡೂ ಮುಗಿಯಿತು, ಅವಳ ಸೆರಗು ಹಾಗೇ ಇತ್ತು. ನಾನು ಸಾಕಮ್ಮನ ಮುಖ ನೋಡಿದೆ. ಸಾಕಮ್ಮ ಜಯಮ್ಮನ ಮುಖ ನೋಡಿದಳು. ನಾನು ವಿಧವೆ, ಮಡಿಲು ತುಂಬುವ ಕೈ ನನ್ನದಲ್ಲ ಎಂದು ಹಿಂದೆ ನಿಂತೆ. ಆ ಶಾಸ್ತ್ರದ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟಿತ್ತು. ಆ ದಿನ ಮಾತ್ರ ಅದು ನನಗೆ ಬಹಳ ಅನುಕೂಲವಾಗಿ ಒದಗಿತು, ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಲ್ಲ. ಕೊನೆಗೆ ಅವಳೇ ಸೆರಗು ಮಡಚಿಕೊಂಡು ಎದ್ದು, ತಟ್ಟೆ ತೊಳೆಯಲು ಹಿತ್ತಲಿಗೆ ಹೋದಳು. ಮೂರನೆಯ ತಟ್ಟೆಯ ಬಳೆ, ರವಿಕೆ ಕಣಗಳನ್ನು ಬೀರುವಿನಲ್ಲಿಟ್ಟೆ.

ಮರುವಾರ ಪುಟ್ಟೇಗೌಡರು ಊರಿನ ನಾಲ್ಕು ಜನರ ಜೊತೆ ಬಂದರು. ಈ ಸಲ ಸಿಟ್ಟಿರಲಿಲ್ಲ. ಬೆಂಚಿನ ಮೇಲೆ ಕೂತು ಸಮಾಧಾನವಾಗಿಯೇ ಮಾತಾಡಿದರು.

"ನೋಡವ್ವ, ನಾವ್ ನಮ್ ಮಕ್ಳ ಎಸ್ರನ್ನೆಲ್ಲ ತಗಸಿಬುಟ್ರೆ ನಿನ್ ಅಂಗನವಾಡಿ ನಾಳೆಗೇ ಬಾಗ್ಲಾಕ್ತದೆ. ನಿನ್ ಕೆಲ್ಸನೂ ಓಯ್ತದೆ. ನಮ್ಗೂ ಅದ್ ಬ್ಯಾಡ. ಅವ್ರನ್ನ ನೀನೇನ್ ಓಡಿಸ್ಬ್ಯಾಡ, ಕೆಟ್ಟೋಳಾಗ್ಬ್ಯಾಡ. ಊರ್ ಬುಟ್ಟವ್ರೆ ಅಂತ ಬರ್ದುಬುಡು, ಅಷ್ಟೇಯ."

ನನಗೆ ಆಗ ನಲವತ್ತೊಂದು. ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು. ಕಾರಣಗಳನ್ನು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಅವರು ಹೋದ ಮೇಲೆ ಪುಸ್ತಕ ತೆಗೆದು, ಕೆಂಪು ಪೆನ್ನಿನಿಂದ ಎಂಟು ಹೆಸರಿನ ಮುಂದೆ 'ವಲಸೆ ಹೋಗಿದ್ದಾರೆ' ಎಂದು ಬರೆದೆ. ಎದುರಿಗೆ ಹಿತ್ತಲಲ್ಲಿ ಫೂಲಮಣಿ ತಟ್ಟೆ ತೊಳೆಯುತ್ತಿದ್ದಳು. ವ್ಯಾನು ಹತ್ತಿ ಹೋಗುತ್ತಿದ್ದ ಮಕ್ಕಳ ಹೆಸರಿನ ಮುಂದೆ ಎಂದಿನಂತೆ ಹಾಜರಿ ಹಾಕಿದೆ.

ಮರುದಿನ ಅವಳು ಮುನ್ನಿಯ ಕೈ ಹಿಡಿದು ಬಂದಾಗ ಗೇಟಿನಲ್ಲೇ ನಿಲ್ಲಿಸಿ, ನನಗೆ ಬರುವ ಹರಕು ಹಿಂದಿಯಲ್ಲಿ ಇನ್ನು ಬರಬೇಡ ಎಂದೆ. ಮೊಟ್ಟೆ ಬಂದಿಲ್ಲ ಎಂದುಕೊಂಡಳೇನೋ, ಬರೀ ಅನ್ನವಾದರೂ ಆಗುತ್ತದೆ ಎನ್ನುವಂತೆ ಕೈಸನ್ನೆ ಮಾಡಿದಳು. "ಊಟ ಸಾಕು ಅಕ್ಕ, ಸಾಕು." ನಾನು ತಲೆಯಾಡಿಸಿದೆ. ಆಮೇಲೆ ಅವಳಿಗೆ ಅರ್ಥವಾಯಿತು. ಮಗಳನ್ನು ಕರೆದುಕೊಂಡು ಹೋದಳು.

ನಮ್ಮ ಪುಸ್ತಕ ನೋಡಿಯೇ ಲಲಿತಾ ತನ್ನ ಪಟ್ಟಿ ಮಾಡಿಕೊಳ್ಳುತ್ತಿದ್ದಳು. ಅವಳಿಗೆ ಮೂರು ಊರಿನ ಕೆಲಸ. ಕೆಂಪಕ್ಷರ ನೋಡಿ, "ಹೊರಟೋದ್ರಾ? ಸದ್ಯ, ಎಲ್ಲಾದ್ರೂ ಚೆನ್ನಾಗಿರ್ಲಿ" ಎಂದು ಆ ಹೆಸರು ಬಿಟ್ಟಳು. ಅವಳಿಗೆ ನಿಜ ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಮಾತ್ರೆ ನಿಂತಿತು, ಪರೀಕ್ಷೆ ನಿಂತಿತು. ಮಳೆಯಲ್ಲಿ ಗೊಬ್ಬರದ ಚೀಲ ಹೊದ್ದು, ತುಂಬಿದ ಹೊಟ್ಟೆಯಲ್ಲಿ ಬಗ್ಗಿ ಶುಂಠಿಯ ಪಟ್ಟೆಗೆ ಮಣ್ಣೇರಿಸುತ್ತಿದ್ದವಳನ್ನು ನಾನು ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಒಂದು ದಿನ ಆರು ಮೊಟ್ಟೆ ಬೇಯಿಸಿ ಚೀಲದಲ್ಲಿಟ್ಟುಕೊಂಡು ಶೆಡ್ಡಿನ ಕಡೆ ಹೊರಟೆ. ಎದುರಿಗೆ ಜಯಮ್ಮ ಬರುವುದು ಕಂಡು ವಾಪಸ್ಸು ತಿರುಗಿದೆ.

ದಸರಾ ರಜೆ ಮುಗಿದು ಕೇಂದ್ರ ತೆರೆದ ದಿನ. ಮಧ್ಯಾಹ್ನ ಮಕ್ಕಳಿಗೆ ಬಡಿಸುತ್ತಿದ್ದಾಗ ಗೇಟಿನಾಚೆ ಫೂಲಮಣಿಯ ಗಂಡ ಸುಕ್ರಾ ನಿಂತಿರುವುದು ಕಂಡಿತು. ಕೈಕಾಲೆಲ್ಲ ಮಣ್ಣು. ಅವಳಿಗೆ ಬರಬೇಡ ಎಂದಿದ್ದೆನಲ್ಲ, ಅವನೂ ಒಳಗೆ ಬರಲಿಲ್ಲ, ಕೂಗಲೂ ಇಲ್ಲ. ಅವನ ಜೊತೆ ಮಾತಾಡಿದ್ದು ಯಾರಾದರೂ ನೋಡಿದರೆ ಎಂದುಕೊಂಡು ಸಾಂಬಾರು ಬಡಿಸಿ ಮುಗಿಸಿದೆ, ಕೈ ತೊಳೆದೆ, ಆಮೇಲೆ ಹೋದೆ. ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ. ಅವನು ನನ್ನ ಕಾಲು ಹಿಡಿದುಕೊಂಡ.

ಶೆಡ್ಡಿನಲ್ಲಿ ಮಗು ಆಗಲೇ ಹುಟ್ಟಿತ್ತು, ಗಂಡು. ಜೊತೆಯ ಹೆಂಗಸರು ಅದನ್ನು ಲುಂಗಿಯಲ್ಲಿ ಸುತ್ತಿದ್ದರು. ಫೂಲಮಣಿಯ ಕೆಳಗಿದ್ದ ಗೋಣಿ ತೊಯ್ದು ನೆಲಕ್ಕೆ ಇಳಿದಿತ್ತು. ಆ ಮೂಲೆಯಲ್ಲಿ ಅಗೆದ ಶುಂಠಿಯ ರಾಶಿಯೊಂದಿತ್ತು, ಅದರ ಘಾಟು, ರಕ್ತದ ವಾಸನೆ. ಅವಳಿಗೆ ಎಚ್ಚರವಿತ್ತು. ನನ್ನನ್ನು ನೋಡಿ, "ಅಕ್ಕ" ಎಂದಳು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವರು ಬೇಗನೇ ಬಂದರು, ಅರಕಲಗೂಡಿನ ಆಸ್ಪತ್ರೆಯಲ್ಲಿ ಕಾರ್ಡು ಗೀರ್ಡು ಎಂದು ಯಾರೂ ಕಾಯಿಸದೆ ಹಾಸನಕ್ಕೆ ಕಳಿಸಿದರು, ಯಾರದೂ ತಪ್ಪಿಲ್ಲ. ಅವಳ ಮೈಯಲ್ಲಿ ಕಳೆದುಕೊಳ್ಳುವಷ್ಟು ರಕ್ತವೇ ಇರಲಿಲ್ಲ. ಹಾಸನ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ನನ್ನ ಕೈಯಲ್ಲಿದ್ದ ಅವಳ ಕೈ ತಣ್ಣಗಾಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹೆಣ ಶೆಡ್ಡಿಗೆ ಬಂತು. ಮಣ್ಣು ಮಾಡಲು ಪುಟ್ಟೇಗೌಡರೇ ತಮ್ಮ ಹೊಲದ ಅಂಚಿನಲ್ಲಿ ಜಾಗ ತೋರಿಸಿದರು. ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಆಮೇಲೆ ನಾನು ಎಣಿಸದ ಸಂಗತಿಯೊಂದು ನಡೆಯಿತು. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು, ಜಯಮ್ಮ ಎಲ್ಲರಿಗಿಂತ ಮುಂದೆ. ಗಂಡ ಇರುವಾಗಲೇ ಸತ್ತ ಹೆಣ್ಣಿಗೆ ಅರಿಶಿನ ಕುಂಕುಮ ಇಟ್ಟು ಮಡಿಲು ತುಂಬಿದರೆ ತಮ್ಮ ಮುತ್ತೈದೆತನ ಗಟ್ಟಿ ಎಂಬ ನಂಬಿಕೆ ಅವರದು. ಸಾಲಾಗಿ ನಿಂತರು. ಹಣೆಗೆ, ಕೆನ್ನೆಗೆ, ಕಾಲಿಗೆ ಹಚ್ಚಿದರು. ಆ ಅಕ್ಕಿ, ಕೊಬ್ಬರಿ, ಬೆಲ್ಲವೆಲ್ಲ ಅವಳ ಸೆರಗಿನಲ್ಲಿ ಹಿಡಿಸದೆ ಚೆಲ್ಲಿತು. "ಪುಣ್ಯವಂತೆ ಕಣವ್ವ, ಮುತ್ತೈದೆಯಾಗ್ ಓದ್ಲು" ಎಂದು ಜಯಮ್ಮ ಕಣ್ಣೊರೆಸಿಕೊಂಡರು. ಸಾಕಮ್ಮ ಓಡಿಹೋಗಿ ಬೀರುವಿನಲ್ಲಿದ್ದ ಹಸಿರು ಬಳೆ, ರವಿಕೆ ಕಣ ತಂದಳು. ಬಳೆ ಅವಳ ಕೈಗೆ ಸಡಿಲವಾಗಿ ಮೊಣಕೈವರೆಗೆ ಜಾರಿದವು. ನಾನು ದೂರ ನಿಂತು ನೋಡಿದೆ.

ಸುಕ್ರಾ ವಾರದೊಳಗೆ ಮಗುವನ್ನೂ ಮುನ್ನಿಯನ್ನೂ ಕರೆದುಕೊಂಡು ಹೊರಟುಹೋದ. ವಿಚಾರಣೆಗೆ ಬಂದ ಅಧಿಕಾರಿ ನನ್ನ ಪುಸ್ತಕ ತೆರೆದು ನೋಡಿದರು. ಎರಡು ತಿಂಗಳ ಹಿಂದೆಯೇ ವಲಸೆ ಹೋದವಳು, ಮತ್ತೆ ಯಾವಾಗ ಬಂದಳು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾಗಿ ಆ ಸಾವು ನಮ್ಮ ಕೇಂದ್ರದ ಹೆಸರಿಗೆ ಬರಲಿಲ್ಲ, ನನ್ನ ಕೆಲಸ ಉಳಿಯಿತು. ಅಂಗನವಾಡಿ ಮಾತ್ರ ಉಳಿಯಲಿಲ್ಲ. ಚಾಪೆಯ ಮೇಲೆ ಏಳೇ ಮಕ್ಕಳು ಕಂಡದ್ದರಿಂದ ಮರುವರ್ಷವೇ ಅದನ್ನು ಮೂರು ಕಿಲೋಮೀಟರ್ ದೂರದ ಊರಿಗೆ ಸೇರಿಸಿದರು. ನನ್ನನ್ನು ಹೊಳೆನರಸೀಪುರದ ಕಡೆಗೆ ಹಾಕಿದರು.

ಬಸ್ಸಿಳಿದು ಕಾಲೋನಿಗೆ ನಡೆದು ಹೋದೆ. ಪುಟ್ಟೇಗೌಡರು ಬಹಳ ಸೊರಗಿದ್ದರು. ಜಗಲಿಯಲ್ಲಿ ಕೂರಿಸಿ, ಮಡಚಿದ ಅರ್ಜಿಯೊಂದನ್ನು ಬಿಡಿಸಿದರು. ಕಿರಿಯ ಸೊಸೆ ಬಸುರಿ, ಊಟಕ್ಕೆ ಅಷ್ಟು ದೂರ ನಡೆಯಲಾರಳು. ಕೂಲಿಯವರ ಮಕ್ಕಳು ಹೋಗುವುದನ್ನೇ ಬಿಟ್ಟಿವೆ. "ಸರ್ಕಾರ ಬಡವ್ರನ್ನ ಮರ್ತೇಬುಡ್ತು ಟೀಚ್ರಮ್ಮ" ಎಂದರು. ಕೇಂದ್ರ ಮತ್ತೆ ತೆರೆಸಲು ತಲೆಗಳು ಸಾಲುತ್ತಿಲ್ಲ, ಹಿಂದಿನ ಟೀಚರ್ ಎಂದು ನಾನು ಒಂದು ಪಟ್ಟಿ ಮಾಡಿ ರುಜು ಹಾಕಿಕೊಟ್ಟರೆ ಆಗುತ್ತದೆ ಎಂದರು.

"ಆ ಶುಂಠಿ ಶೆಡ್ಡಿನೋರ ಎಸ್ರಿದ್ವಲ್ಲ, ಎಂಟು? ಅವನ್ನೂ ಸೇರಿಸ್ಬುಡಿ."

"ಅವರೆಲ್ಲ ಇಲ್ಲಿಲ್ಲವಲ್ಲ ಗೌಡ್ರೇ. ಫೂಲಮಣಿಯಂತೂ ಸತ್ತೇಹೋದಳು. ನಿಮ್ಮ ಹೊಲದಲ್ಲೇ ಇದ್ದಾಳೆ."

ಅವರು ನನ್ನನ್ನು ಮಗುವಿಗೆ ತಿಳಿಹೇಳುವ ಹಾಗೆ ನೋಡಿದರು. ಮುಖದಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ.

"ಪುಸ್ತಕದಲ್ಲಿ ಸತ್ತಿಲ್ವಲ್ಲವ್ವ. ನೀನೇ ಬರ್ದಿದ್ದೀಯ, ವಲಸೆ ಓಗವ್ರೆ ಅಂತ. ಓದೋರು ವಾಪಸ್ ಬರ್ಬಾರ್ದಾ?"

ಒಳಗಿನಿಂದ ಜಯಮ್ಮ ಟೀ ತಂದಿಟ್ಟರು. ಶುಂಠಿ ಜಜ್ಜಿ ಹಾಕಿದ್ದರು. ಅರ್ಜಿ ನನ್ನ ತೊಡೆಯ ಮೇಲಿತ್ತು. ಮೂರು ವರ್ಷದಿಂದ ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ ಮಾತುಗಳೆಲ್ಲ ಗಂಟಲ ತನಕ ಬಂದವು. ಬಾಯಿ ತೆರೆದೆ.

"ಪೆನ್ನು ತಂದಿಲ್ಲ ಗೌಡ್ರೇ" ಎಂದೆ.

ಅವರು ಪೆನ್ನು ಹುಡುಕಲು ಒಳಗೆ ಹೋದರು. ನನ್ನ ಬ್ಯಾಗಿನಲ್ಲಿ ಎರಡು ಪೆನ್ನುಗಳಿದ್ದವು, ಒಂದು ನೀಲಿ, ಒಂದು ಕೆಂಪು.